ತಮ್ಮಾ, ಪ್ಯಾರಿಸ್‌ನಲ್ಲಿ ಯಾವ ಕ್ಲಬ್ಬಿಗೆ ಹೋಗಬೇಕು ಅಂತ ಕೇಳಿದ್ದೆಯಲ್ಲ

ನಮ್ಮ ಚಿಕ್ಕಪ್ಪನ ಮಗ ಮುಂದಿನ ತಿಂಗಳು ಯೂರೋಪಿಗೆ ಹೊರಟಿದ್ದಾನೆ. ಟೂರ್ ಪ್ಯಾಕೇಜು, ಹನ್ನೆರಡು ದಿನ, ಐದು ದೇಶ. ಮೊನ್ನೆ ರಾತ್ರಿ ಮೆಸೇಜ್ ಬಂತು: "ಅಣ್ಣ, ನೀನು ಫ್ರಾನ್ಸಲ್ಲಿ ಇದ್ದೋನು ಅಲ್ವಾ, ಪ್ಯಾರಿಸಲ್ಲಿ ಒಂದು ಸಖತ್ ನೈಟ್ ಕ್ಲಬ್ ಹೇಳು. ಒಂದೇ ಸಾಕು." ಒಂದು ಹೆಸರು ಟೈಪ್ ಮಾಡಿದೆ, ಅಳಿಸಿದೆ. ಇನ್ನೊಂದು ಟೈಪ್ ಮಾಡಿದೆ, ಅದನ್ನೂ ಅಳಿಸಿದೆ. ಯಾಕಂದ್ರೆ ಅಲ್ಲಿದ್ದ ಒಂದೂವರೆ ವರ್ಷದಲ್ಲಿ ನಾನು ನಿಜವಾಗಿ ಮೈಮರೆತು ಕುಣಿದ ಜಾಗಗಳನ್ನು ನೆನೆಸಿಕೊಂಡರೆ ಅದರಲ್ಲಿ ಅರ್ಧಕ್ಕೆ ಕ್ಲಬ್ ಅನ್ನೋ ಹೆಸರೇ ಇಲ್ಲ, ಒಂದೆರಡಕ್ಕಂತೂ ಬಾಗಿಲೂ ಇಲ್ಲ. ಇದನ್ನೆಲ್ಲ ವಾಟ್ಸಾಪಲ್ಲಿ ಹೇಳೋಕಾಗಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಓದೋದು ಬಿಡೋದು ಅವನಿಷ್ಟ.

ನಾನು ಮಂಡ್ಯದವನು. ಕುಣಿತ ಅಂದರೆ ನನಗೆ ಗೊತ್ತಿದ್ದದ್ದು ಗಣಪತಿ ಬಿಡುವ ದಿನ ತಮಟೆ ಮುಂದೆ ಹಾಕುವ ಸ್ಟೆಪ್ಪು, ಅಷ್ಟೇ. ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಪಬ್ಬುಗಳಲ್ಲಿ ಹನ್ನೊಂದೂವರೆ ಆಯ್ತು ಅಂದ್ರೆ ಪಟ್ ಅಂತ ಲೈಟ್ ಹಾಕಿಬಿಡುತ್ತಿದ್ದರು, ಕುಣಿಯುತ್ತಿದ್ದವರೆಲ್ಲ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರ ಹಾಗೆ ಮುಖ ಮುಖ ನೋಡಿಕೊಂಡು ಬಿಲ್ ಕೊಟ್ಟು ಆಟೋ ಹುಡುಕುತ್ತಿದ್ದೆವು. ಆಮೇಲೆ ಅದು ರಾತ್ರಿ ಒಂದು ಗಂಟೆ ಆಯಿತು. ಹೀಗಿದ್ದವನನ್ನು ಕಂಪನಿ ವಿಮಾನದ ಕೆಲಸದ ಮೇಲೆ ತುಲೂಸ್‌ಗೆ ಕಳಿಸಿತು. ಏರ್‌ಬಸ್ ಊರು ಅದು. ಬೆಂಗಳೂರಿನಿಂದ ಹೋದವರು ಎಷ್ಟು ಜನ ಇರ್ತಾರೆ ಅಂದರೆ ಸೂಪರ್ ಮಾರ್ಕೆಟ್ಟಿನಲ್ಲಿ ಅಕ್ಕಿ ಇಟ್ಟಿರೋ ಕಡೆ ಐದು ನಿಮಿಷ ನಿಂತರೆ ಕನ್ನಡ ಕಿವಿಗೆ ಬೀಳುತ್ತೆ.

ಮೊದಲ ಶನಿವಾರ ನಾಲ್ಕು ಜನ ಹೊರಟೆವು. ನಾನು, ಧಾರವಾಡದವನೊಬ್ಬ, ಇಬ್ಬರು ತಮಿಳರು. ಹತ್ತೂವರೆಗೆ ಕ್ಲಬ್ ಮುಂದೆ ಹಾಜರ್. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಒಬ್ಬ ಆಸಾಮಿ ನೆಲ ಒರೆಸುತ್ತಿದ್ದ. ನಮ್ಮನ್ನು ನೋಡಿ, ಕೈಯಲ್ಲಿದ್ದ ಕೋಲು ಬಿಡದೆ, "ಮಿನ್ವೀ" ಅಂದ. ಮಿನ್ವೀ ಅಂದರೆ ಮಧ್ಯರಾತ್ರಿ. ಸರಿ ಅಂತ ಗರೋನ್ ನದಿ ದಡದಲ್ಲಿ ಚಳಿಯಲ್ಲಿ ಅಡ್ಡಾಡಿಕೊಂಡು ಹನ್ನೆರಡಕ್ಕೆ ವಾಪಸ್ ಹೋದೆವು. ಒಳಗೆ ಡಿಜೆ ಇದ್ದ, ಬಾರ್ ಹಿಂದೆ ಒಬ್ಬಳಿದ್ದಳು, ಮತ್ತೆ ನಾವು ನಾಲ್ಕು ಜನ. ಧಾರವಾಡದವನು ಸುತ್ತಲೂ ನೋಡಿ, "ಇದೇನಲೇ, ಮದುವಿ ಮನಿಗೆ ಹಿಂದಿನ ದಿನಾನ ಬಂದಂಗಾತಲ್ಲ" ಅಂದ. ಜನ ಬರೋಕೆ ಶುರುವಾಗಿದ್ದು ಒಂದೂವರೆಗೆ. ಎರಡೂವರೆ ಹೊತ್ತಿಗೆ ಕಾಲಿಡೋಕೆ ಜಾಗ ಇರಲಿಲ್ಲ. ನಾವು ಅಷ್ಟೊತ್ತಿಗೆ ಸುಸ್ತಾಗಿ ಮೂಲೆಯ ಸೋಫಾದಲ್ಲಿ ತೂಕಡಿಸುತ್ತಿದ್ದೆವು.

ಅಲ್ಲಿನವರ ರಾತ್ರಿ ನಡೆಯೋ ರೀತಿಯೇ ಬೇರೆ. ಎಂಟಕ್ಕೋ ಒಂಬತ್ತಕ್ಕೋ ಯಾರದೋ ಮನೆಯಲ್ಲಿ ಸೇರ್ತಾರೆ. ಅಂಗಡಿಯಿಂದ ತಂದ ವೈನು, ಚಿಪ್ಸು, ಚೀಸು, ಮಾತು. ಇದಕ್ಕೆ ಅಪೆರೋ ಅಂತಾರೆ. ಆಮೇಲೆ ಬಾರು. ತುಲೂಸ್‌ನಲ್ಲಿ ಆದರೆ ಪ್ಲಾಸ್ ಸಾಂ-ಪಿಯೆರ್ ಅನ್ನೋ ಚೌಕ, ನದಿ ಪಕ್ಕದಲ್ಲೇ, ಸುತ್ತಲೂ ಬಾರುಗಳು, ರಗ್ಬಿ ಮ್ಯಾಚ್ ಇದ್ದ ದಿನವಂತೂ ಜಾತ್ರೆ. ಬಾರು ಮುಚ್ಚಿದ ಮೇಲೆ, ಇನ್ನೂ ಶಕ್ತಿ ಇದ್ದವರು ಕ್ಲಬ್ಬಿಗೆ. ಕ್ಲಬ್ಬಿಗೆ ಕೊನೆಗೆ ಹೋಗೋದಕ್ಕೆ ದುಡ್ಡಿನ ಲೆಕ್ಕಾಚಾರವೂ ಇದೆ. ಒಳಗೆ ಒಂದು ಗ್ಲಾಸಿಗೆ ಕೊಡೋ ದುಡ್ಡಿಗೆ ಹೊರಗೆ ಎರಡು ಬಾಟಲಿ ವೈನ್ ಬರುತ್ತೆ. 2009ರ ಒಂದು ಆದೇಶದ ಪ್ರಕಾರ ಡಿಸ್ಕೊಗಳು ಬೆಳಗ್ಗೆ ಏಳರ ತನಕ ತೆರೆದಿರಬಹುದು, ಆದರೆ ಮುಚ್ಚೋಕೆ ಒಂದೂವರೆ ಗಂಟೆ ಮೊದಲೇ ಮದ್ಯ ಮಾರೋದು ನಿಲ್ಲಿಸಬೇಕು. ಕಾರಲ್ಲಿ ಬಂದವರು ಊದಿ ನೋಡಿಕೊಳ್ಳೋಕೆ ಆಲ್ಕೋಹಾಲ್ ಟೆಸ್ಟ್ ಮಾಡೋ ಸಾಧನ ಇಡಬೇಕು ಅಂತಲೂ ಕಾನೂನಿದೆ. ಒಬ್ಬ ಹುಡುಗ ಗೋಡೆಗೆ ಹಾಕಿದ್ದ ಆ ಮೆಷಿನ್ನಿಗೆ ಊದಿ, ನಂಬರ್ ನೋಡಿ, ಬೇಜಾರಾಗಿ ಕಾರ್ ಕೀ ಗೆಳತಿಯ ಕೈಗೆ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ.

ಕ್ಲಬ್ಬಿಗೆ ಆಡುಮಾತಿನಲ್ಲಿ ಬ್ವಾತ್ ಅಂತಾರೆ. ಡಬ್ಬಿ, ಪೆಟ್ಟಿಗೆ ಅಂತ ಅರ್ಥ. ತಮಾಷೆ ಏನಂದ್ರೆ ಕೆಲಸ ಮಾಡೋ ಕಂಪನಿಗೂ ಬ್ವಾತ್ ಅಂತಲೇ ಅಂತಾರೆ. ಸೋಮವಾರ ಪಕ್ಕದ ಸೀಟಿನವರು "ನಿನ್ನ ಬ್ವಾತ್ ಹೇಗಿದೆ" ಅಂತ ಕೇಳಿದರು, ಬೆಂಗಳೂರಿನ ಆಫೀಸಿನ ಬಗ್ಗೆ ಕೇಳ್ತಾ ಇದ್ದಾರೆ ಅಂತ ತಿಳಿಯದೆ ನಾನು "ಕತ್ತಲು, ಗಲಾಟೆ, ಒಂದೂವರೆ ತನಕ ಯಾರೂ ಬರಲ್ಲ" ಅಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು.

ಈಗ ಬಾಗಿಲಿನ ವಿಷಯ. ಇದನ್ನು ನಾನು ಸಿಹಿ ಮಾಡಿ ಹೇಳಲ್ಲ.

ಒಂದು ದೊಡ್ಡ ಊರಿನಲ್ಲಿ, ಹೆಸರು ಬೇಡ, ಅದೇ ನಾಲ್ಕು ಜನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ನಮ್ಮ ಮುಂದಿದ್ದ ಐದು ಹುಡುಗರು ಒಳಗೆ ಹೋದರು. ಬಾಗಿಲಲ್ಲಿ ಎರಡು ಥರದವರು ಇರ್ತಾರೆ. ಒಬ್ಬ ದಪ್ಪ ತೋಳಿನವನು, ವಿದೂರ್ ಅಂತಾರೆ, ಇವನಿಂದ ತೊಂದರೆ ಇಲ್ಲ. ಇನ್ನೊಬ್ಬರು ಫಿಜಿಯೋ. ಮುಖ ನೋಡಿ ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಮಾಡೋದೇ ಅವರ ಕೆಲಸ. ಆ ಹೆಂಗಸು ನಮ್ಮ ಶೂ ನೋಡಿದಳು, ನಮ್ಮ ಮುಖ ನೋಡಿದಳು, ನಗುತ್ತಲೇ "ಇವತ್ತು ಖಾಸಗಿ ಪಾರ್ಟಿ" ಅಂದಳು. ನಾವು ಪಕ್ಕಕ್ಕೆ ಸರಿದೆವು. ನಮ್ಮ ಹಿಂದಿದ್ದವರು ಆ ಖಾಸಗಿ ಪಾರ್ಟಿಗೆ ಆರಾಮಾಗಿ ಹೋದರು. ಧಾರವಾಡದವನು ರಸ್ತೆ ದಾಟೋವರೆಗೂ ಏನೂ ಮಾತಾಡಲಿಲ್ಲ. ದಾಟಿದ ಮೇಲೆ, "ಬೂಟಿಂದ ಅಲ್ಲ ಬಿಡಲೇ" ಅಂದ.

ನಾಲ್ಕು ಜನ ಗಂಡಸರು, ಜೊತೆಗೆ ಹೆಂಗಸರಿಲ್ಲ, ಫ್ರೆಂಚ್ ಬರಲ್ಲ, ಕಾಲಲ್ಲಿ ಆಫೀಸ್ ಶೂ. ಇದರಲ್ಲಿ ಯಾವುದು ಕಾರಣ, ಎಷ್ಟು ಪಾಲು ಮೈಬಣ್ಣದ್ದು ಅಂತ ನಮ್ಮಿಂದ ಹೇಳೋಕಾಗಲ್ಲ. ಅದೇ ಆ ನಗುವಿನ ಜಾಣತನ. ಆದರೆ ಇದು ನಮ್ಮ ನಾಲ್ಕು ಜನರ ಕಲ್ಪನೆ ಅಂತೂ ಅಲ್ಲ. ಫ್ರಾನ್ಸಿನಲ್ಲಿ ಎಸ್‌ಒಎಸ್ ರಾಸಿಸ್ಮ್ ಅನ್ನೋ ಸಂಘಟನೆ ಇದನ್ನೇ ಹಿಡಿಯೋಕೆ ವರ್ಷಗಟ್ಟಲೆ ಕ್ಲಬ್ ಬಾಗಿಲುಗಳಿಗೆ ಜನ ಕಳಿಸಿದೆ. ಒಂದೇ ಥರ ಬಟ್ಟೆ, ಒಂದೇ ವಯಸ್ಸು, ಒಂದು ಗುಂಪು ಬಿಳಿಯರದು, ಇನ್ನೊಂದು ಅರಬ್ಬರದೋ ಕರಿಯರದೋ. ಯಾರು ಒಳಗೆ ಹೋದರು, ಯಾರಿಗೆ "ಖಾಸಗಿ ಪಾರ್ಟಿ" ಆಯಿತು ಅಂತ ಬರೆದುಕೊಳ್ಳೋದು. ಇದಕ್ಕೆ ಅಲ್ಲಿ ಟೆಸ್ಟಿಂಗ್ ಅಂತಲೇ ಹೆಸರು. 2002ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನು ಸಾಕ್ಷಿ ಅಂತ ಒಪ್ಪಿತು, 2006ರಲ್ಲಿ ಕಾನೂನಿನಲ್ಲೇ ಸೇರಿಸಿದರು. ಸಾರ್ವಜನಿಕರು ಬರೋ ಜಾಗದಲ್ಲಿ ಬಣ್ಣ, ಜನಾಂಗ ನೋಡಿ ಒಳಗೆ ಬಿಡದಿದ್ದರೆ ಐದು ವರ್ಷದ ತನಕ ಜೈಲು, 75,000 ಯೂರೋ ತನಕ ದಂಡ. ಕಾನೂನು ಹೀಗಿದೆ. ರಾತ್ರಿ ಎರಡು ಗಂಟೆಗೆ ಸಾಲಿನಲ್ಲಿ ನಿಂತವನಿಗೆ ಅದರಿಂದ ಏನು ಉಪಯೋಗ, ಅದು ಬೇರೆ ಮಾತು.

ಆಮೇಲೆ ಕಲಿತದ್ದು ಇಷ್ಟು. ಥಳುಕಿನ ಜಾಗಗಳು, ಅಂದರೆ ಮೇಜು ಬುಕ್ ಮಾಡಿ, ಬಾಟಲಿಗೆ ಸುರುಸುರು ಬತ್ತಿ ಸಿಗಿಸಿ ತರೋ ಥರದವು, ಅಲ್ಲೇ ಈ ಮುಖ ನೋಡೋ ಕೆಲಸ ಜಾಸ್ತಿ. ಟೆಕ್ನೋ ಅನ್ನೋ ಎಲೆಕ್ಟ್ರಾನಿಕ್ ಸಂಗೀತ ಹಾಕೋ ಜಾಗಗಳಲ್ಲಿ ಮೊದಲೇ ಆನ್‌ಲೈನ್ ಟಿಕೆಟ್ ತಗೊಂಡು ಹೋದರೆ ಮೊಬೈಲ್ ತೋರಿಸು, ಬ್ಯಾಗ್ ತೋರಿಸು, ನಡಿ. ನನ್ನನ್ನು ಒಮ್ಮೆಯೂ ವಾಪಸ್ ಕಳಿಸಲಿಲ್ಲ. ಪಾಸ್‌ಪೋರ್ಟ್ ಜೊತೆಯಲ್ಲಿರಲಿ, ಫೋಟೋಕಾಪಿ ನಡೆಯಲ್ಲ ಅಂತ ಎಷ್ಟೋ ಕಡೆ ಹೇಳ್ತಾರೆ. ಬಾಗಿಲಲ್ಲಿ ನಿಂತು ಜೋರಾಗಿ ಹಿಂದಿಯಲ್ಲಿ ಫೋನ್ ಮಾತಾಡಬೇಡ. ಇದು ಅನುಭವ.

ಕೋಟಿನ ಕಥೆ ಬೇಗ ಹೇಳಿ ಮುಗಿಸ್ತೀನಿ. ಚಳಿಗಾಲದಲ್ಲಿ ಕ್ಲಬ್ ಒಳಗೆ ಹೋದ ತಕ್ಷಣ ಕೋಟು ಬಿಚ್ಚಿ ಕೊಡಬೇಕು, ಎರಡೋ ಮೂರೋ ಯೂರೋ, ಬದಲಿಗೆ ನಂಬರ್ ಇರೋ ಒಂದು ಚೀಟಿ ಕೊಡ್ತಾರೆ. ದೇವಸ್ಥಾನದಲ್ಲಿ ಚಪ್ಪಲಿ ಟೋಕನ್ ಥರ. ಫೆಬ್ರವರಿಯಲ್ಲಿ ಒಂದು ರಾತ್ರಿ ನಾನು ಆ ಚೀಟಿ ಕಳೆದುಕೊಂಡೆ. ನಂಬರ್ ನೆನಪಿಲ್ಲ. ಕಪ್ಪು ಕೋಟು ಅಂದೆ. ಕೌಂಟರಿನ ಹುಡುಗಿ ಹಿಂದೆ ತಿರುಗಿ ತೋರಿಸಿದಳು. ಅಲ್ಲಿ ಇನ್ನೂರು ಕಪ್ಪು ಕೋಟು ನೇತಾಡುತ್ತಿದ್ದವು. ಎಲ್ಲರೂ ಹೋಗೋವರೆಗೆ ಕಾಯಿ ಅಂದಳು. ಕಾದೆ. ಬೆಳಗ್ಗೆ ಆರು ಗಂಟೆಗೆ ಉಳಿದದ್ದು ಎರಡು ಕೋಟು. ಒಂದು ನನ್ನದು. ಇನ್ನೊಂದರ ಯಜಮಾನ ಎಲ್ಲಿದ್ದಾನೋ, ಹೊರಗೆ ಎರಡು ಡಿಗ್ರಿ. ಅವತ್ತಿನಿಂದ ಚೀಟಿಯ ಫೋಟೋ ತೆಗೆದುಕೊಳ್ತೀನಿ.

ಅದೇ ರಾತ್ರಿ ಇನ್ನೊಂದು ಪೆದ್ದುತನ. ಬಾರ್ ಮೇಲೆ ಒಂದು ಗಾಜಿನ ಬಟ್ಟಲಲ್ಲಿ ಹಳದಿ, ಕಿತ್ತಳೆ ಬಣ್ಣದ ಚಿಕ್ಕ ಚಿಕ್ಕ ಏನೋ ಇಟ್ಟಿದ್ದರು. ಹೋಟೆಲಲ್ಲಿ ಬಿಲ್ ಜೊತೆ ಸೋಂಪು ಇಡ್ತಾರಲ್ಲ ಹಾಗೆ. ಕತ್ತಲಲ್ಲಿ ಒಂದು ತೆಗೆದು ಬಾಯಿಗೆ ಹಾಕಿಕೊಂಡೆ. ಸ್ಪಂಜು! ಕಿವಿಗೆ ಇಟ್ಟುಕೊಳ್ಳೋ ಬಿರಡೆ. ಫ್ರಾನ್ಸಿನ ನಿಯಮದ ಪ್ರಕಾರ ಇಂಥ ಜಾಗಗಳಲ್ಲಿ ಸದ್ದು ಸರಾಸರಿ 102 ಡೆಸಿಬೆಲ್ ದಾಟುವ ಹಾಗಿಲ್ಲ, ಮೊದಲು 105 ಇತ್ತು, 2017ರ ಆದೇಶದಲ್ಲಿ ಇಳಿಸಿದರು. ಬಂದವರಿಗೆ ಕಿವಿ ಬಿರಡೆ ಪುಕ್ಕಟೆ ಕೊಡಬೇಕು. ಕೇಳಿ ಇಸ್ಕೊಳ್ಳಿ. ತಿನ್ನಬೇಡಿ. ಬಿರಡೆ ಹಾಕಿಕೊಂಡರೆ ಹಾಡು ಇನ್ನೂ ಸ್ಪಷ್ಟವಾಗಿ ಕೇಳುತ್ತೆ, ಬೇಸ್ ಹೇಗೂ ಎದೆಗೆ ಬಡಿಯುತ್ತೆ.

ತುಲೂಸ್‌ನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಲ ಬಿಕಿನಿ. ಹೆಸರು ಕೇಳಿ ಏನೇನೋ ಅಂದ್ಕೋಬೇಡಿ. ಅದು ಮುಖ್ಯವಾಗಿ ಸಂಗೀತ ಕಛೇರಿಗಳ ಹಾಲ್, ಕೆಲವು ರಾತ್ರಿ ಬೆಳಗಿನ ತನಕ ಡಿಜೆ. 1983ರಲ್ಲಿ ಶುರುವಾಗಿದ್ದು, ಊರಾಚೆ, ಎಝಡ್‌ಎಫ್ ಅನ್ನೋ ಗೊಬ್ಬರದ ಕಾರ್ಖಾನೆಯ ಹತ್ತಿರ. 2001ರ ಸೆಪ್ಟೆಂಬರ್ 21ರ ಬೆಳಗ್ಗೆ ಆ ಕಾರ್ಖಾನೆಯಲ್ಲಿ ಅಮೋನಿಯಂ ನೈಟ್ರೇಟ್ ಸ್ಫೋಟವಾಯಿತು. 31 ಜನ ಸತ್ತರು, ಸಾವಿರಾರು ಜನಕ್ಕೆ ಗಾಯ, ಕಿಟಕಿ ಗಾಜುಗಳು ಎಷ್ಟೋ ದೂರದವರೆಗೆ ಪುಡಿಯಾದವು. ಬಿಕಿನಿಯೂ ಹಾಳಾಯಿತು. ಸ್ಫೋಟ ರಾತ್ರಿ ಆಗಿದ್ದರೆ ಏನು ಗತಿ ಅಂತ ಊರಿನವರು ಇವತ್ತಿಗೂ ಹೇಳ್ತಾರೆ. 2007ರಲ್ಲಿ ರಾಮೋನ್‌ವಿಲ್ ಅನ್ನೋ ಪಕ್ಕದ ಊರಿನಲ್ಲಿ, ಕನಾಲ್ ದ್ಯು ಮಿದಿ ಕಾಲುವೆಯ ಹತ್ತಿರ, ಹೊಸದಾಗಿ ಕಟ್ಟಿ ತೆರೆದರು. ಅಲ್ಲಿ ಒಂದು ಈಜುಕೊಳ ಇದೆ, ನಿಜವಾಗಲೂ. ಆಫೀಸಿನ ಹಿರಿಯರೊಬ್ಬರು, ರಿಟೈರ್ ಆಗೋಕೆ ಎರಡು ವರ್ಷ ಇತ್ತು, ತಾವು ಹುಡುಗರಾಗಿದ್ದಾಗ ಹಳೇ ಬಿಕಿನಿಯಲ್ಲಿ ಕುಣಿದದ್ದನ್ನು ಹೇಳುವಾಗ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ ಎರಡೂ ಕೈಯಲ್ಲಿ ಆ ಹಾಲ್‌ನ ನಕ್ಷೆ ಮೇಜಿನ ಮೇಲೆ ಬರೆದು ತೋರಿಸಿದ್ದರು. ಸ್ಟೇಜ್ ಇಲ್ಲಿ, ಬಾರ್ ಇಲ್ಲಿ, ನಾವು ನಿಲ್ತಾ ಇದ್ದದ್ದು ಇಲ್ಲಿ ಅಂತ. ತುಲೂಸ್ ಮೆಟ್ರೋ ಶುಕ್ರವಾರ, ಶನಿವಾರ ರಾತ್ರಿ ಮೂರರ ತನಕ ಓಡುತ್ತೆ, ಹಾಗಾಗಿ ಟ್ಯಾಕ್ಸಿ ಇಲ್ಲದೆಯೂ ಹೋಗಿಬರಬಹುದು.

ಫ್ರೆಂಚರಿಗೆ ಹಳೇ ಗೋಡೌನು, ಹಳೇ ಹಡಗು ಕಂಡರೆ ಕೈ ಸುಮ್ನಿರಲ್ಲ. ತೊಳೆದು, ಸ್ಪೀಕರ್ ಇಟ್ಟುಬಿಡ್ತಾರೆ. ಬೋರ್ದೋ ಊರಿನಲ್ಲಿ ಹಳೇ ಫೆರಿ ಹಡಗನ್ನು ಕ್ಲಬ್ ಮಾಡಿದ್ದಾರೆ, ಐಬೋಟ್ ಅಂತ. ನಾಂತ್‌ನಲ್ಲಿ ಬಾಳೆಹಣ್ಣು ಹಣ್ಣಾಗಿಸುತ್ತಿದ್ದ ಉಗ್ರಾಣದ ಸಾಲೇ ಬಾರು, ಕ್ಲಬ್ಬುಗಳಾಗಿವೆ. ಮಾರ್ಸೇಯಲ್ಲಿ ರೈಲು ನಿಲ್ದಾಣದ ಹಿಂದೆ ಹಳೇ ತಂಬಾಕು ಕಾರ್ಖಾನೆ ಇದೆ, ಫ್ರಿಶ್ ಲಾ ಬೆಲ್ ದ ಮೇ, ಅದರೊಳಗೇ ಕಬರೇ ಅಲೆಯಾತ್ವಾರ್ ಅನ್ನೋ ಹಾಲ್. ಹೋಗಿದ್ದೆ, ಬಿಸಿ ತಡೆಯೋಕಾಗದೆ ಬೇಗ ಹೊರಗೆ ಬಂದೆ. ಮಾರ್ಸೇ ಬಗ್ಗೆ ನನ್ನ ಮಾತು ನಂಬಬೇಡಿ.

ಲಿಯೋಂ ಬಗ್ಗೆ ಮಾತ್ರ ನಂಬಿ. ರೋನ್, ಸೋನ್ ಅಂತ ಎರಡು ನದಿ ಸೇರೋ ಕಡೆ, ನಮ್ಮ ಶ್ರೀರಂಗಪಟ್ಟಣದ ಸಂಗಮದ ಥರವೇ ಅಂದುಕೊಳ್ಳಿ, ಅಲ್ಲಿ 1930ರ ದಶಕದಲ್ಲಿ ಕಟ್ಟಿದ ಸಕ್ಕರೆ ಉಗ್ರಾಣ ಇದೆ. ಈಗ ಅದರಲ್ಲಿ ಕಲಾ ಪ್ರದರ್ಶನ ಮಾಡ್ತಾರೆ. ಅದರ ತಾರಸಿ ಮೇಲೆ 2013ರಲ್ಲಿ ಒಂದು ಕ್ಲಬ್ ತೆರೆದರು. ಹೆಸರೇನು ಗೊತ್ತಾ? ಲ ಸೂಕ್ರ್. ಸಕ್ಕರೆ! ಮಂಡ್ಯದವನಿಗೆ ಇದಕ್ಕಿಂತ ಇನ್ನೇನು ಬೇಕು. ಊರಲ್ಲಿ ಸಕ್ಕರೆ ಫ್ಯಾಕ್ಟರಿ ಅಂದರೆ ಕಬ್ಬಿನ ಗಾಡಿ ಸಾಲು, ಬಾಕಿ ಹಣಕ್ಕೆ ಧರಣಿ, ಮೊಲಾಸಿಸ್ ವಾಸನೆ. ಇಲ್ಲಿ ಸಕ್ಕರೆ ಗೋಡೌನ್ ನೆತ್ತಿ ಮೇಲೆ ಹತ್ತಿ, ಕೆಳಗೆ ಸೋನ್ ನದಿಯಲ್ಲಿ ದೋಣಿ ಹೋಗೋದನ್ನು ನೋಡಿಕೊಂಡು ಕುಣಿಯುತ್ತಿದ್ದಾರೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿ, ಇದು ಸಕ್ಕರೆ ಗೋಡೌನ್ ಅಂತ ಬರೆದೆ. "ಕಬ್ಬು ಎಲ್ಲಿಂದ ತರಿಸ್ತಾರೆ?" ಅಂತ ಉತ್ತರ ಬಂತು. ಅಂದ ಹಾಗೆ ಇದೇ ಊರಲ್ಲಿ 2003ರಿಂದ ಬಹುತೇಕ ಪ್ರತಿ ವರ್ಷ ಬೇಸಿಗೆಗೆ ಮುಂಚೆ ನ್ವೀ ಸೋನೋರ್ ಅನ್ನೋ ಎಲೆಕ್ಟ್ರಾನಿಕ್ ಸಂಗೀತದ ಹಬ್ಬ ನಡೆಯುತ್ತೆ. ಆ ವಾರ ಹೋಟೆಲ್ ರೂಮಿನ ರೇಟು ಕೇಳಿ ನಾನು ಅಲ್ಲಿಗೆ ಹೋಗೋ ಆಸೆ ಬಿಟ್ಟೆ.

ಸರಿ, ಪ್ಯಾರಿಸ್.

ಡಿಸ್ಕೊ ಅನ್ನೋ ಪದ ನಮ್ಮ ಹಳ್ಳಿ ಆರ್ಕೆಸ್ಟ್ರಾ ತನಕ ಬಂದಿದೆಯಲ್ಲ, ಅದು ಹುಟ್ಟಿದ್ದು ಫ್ರೆಂಚಿನಲ್ಲಿ. ಬಿಬ್ಲಿಯೋತೆಕ್ ಅಂದರೆ ಪುಸ್ತಕ ಇಡೋ ಜಾಗ, ಡಿಸ್ಕೋತೆಕ್ ಅಂದರೆ ಗ್ರಾಮಫೋನ್ ತಟ್ಟೆ ಇಡೋ ಜಾಗ. ಪ್ಯಾರಿಸ್‌ನ ವಿಸ್ಕಿ ಆ ಗೋಗೋ ಅನ್ನೋ ಕ್ಲಬ್ಬಿನಲ್ಲಿ ಕೆಲಸ ಮಾಡುತ್ತಿದ್ದ ರೆಜೀನ್ ಅನ್ನೋ ಹೆಣ್ಣುಮಗಳು 1953ರಲ್ಲಿ ಕಾಸು ಹಾಕಿದರೆ ಹಾಡು ಬರೋ ಜೂಕ್‌ಬಾಕ್ಸ್ ಕಿತ್ತುಹಾಕಿ ಗ್ರಾಮಫೋನ್ ತಟ್ಟೆ ತಿರುಗಿಸೋ ಎರಡು ಟರ್ನ್‌ಟೇಬಲ್ ಇಟ್ಟು, ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ನಡುವೆ ಸದ್ದು ನಿಲ್ಲದ ಹಾಗೆ ಮಾಡಿದೆ ಅಂತ ತಾನೇ ಹೇಳಿಕೊಳ್ಳುತ್ತಿದ್ದಳು. ಜೂಕ್‌ಬಾಕ್ಸಲ್ಲಿ ಹಾಡು ಬದಲಾಗೋ ಹೊತ್ತಿಗೆ ಮೂಲೆಯಲ್ಲಿ ಕೂತವರ ಗುಸುಗುಸು ಕೇಳಿಸಿಬಿಡುತ್ತಿತ್ತಂತೆ. ಆಮೇಲೆ ಸ್ವಂತ ಕ್ಲಬ್ ಹಾಕಿದಳು, ಊರೂರಲ್ಲಿ ಹಾಕಿದಳು, 2022ರಲ್ಲಿ 92ನೇ ವಯಸ್ಸಿಗೆ ತೀರಿಕೊಂಡಳು.

ಈಗಲೂ ನಿನಗೆ ಒಂದೇ ಹೆಸರು ಬೇಕು ಅಂದರೆ, ತಮ್ಮಾ, ರೆಕ್ಸ್ ಕ್ಲಬ್. ಗ್ರಾಂ ರೆಕ್ಸ್ ಅಂತ 1932ರ ದೊಡ್ಡ ಸಿನಿಮಾ ಥಿಯೇಟರ್ ಇದೆ, ಬೋನ್ ನುವೆಲ್ ಮೆಟ್ರೋ ಎದುರಿಗೇ. ಅದರ ಕೆಳಗಿನ ನೆಲಮಾಳಿಗೆ. ಲೋರಾಂ ಗಾರ್ನಿಯೆ ಅನ್ನೋ ಡಿಜೆ ತೊಂಬತ್ತರ ದಶಕದಲ್ಲಿ ಇಲ್ಲಿ ಟೆಕ್ನೋ ಬಾರಿಸಿ ಹೆಸರು ಮಾಡಿದವರು. ಒಳಗೆ ಸೋಫಾ ಇಲ್ಲ, ಸೆಲ್ಫಿ ತೆಗೆದುಕೊಳ್ಳೋ ಗೋಡೆ ಇಲ್ಲ, ಸೀಲಿಂಗ್ ತಗ್ಗು. ಸದ್ದು ಮಾತ್ರ ಅಂಗಾಲಿನಿಂದ ಹತ್ತುತ್ತೆ. ಯಾರೂ ಯಾರನ್ನೂ ನೋಡಲ್ಲ, ಎಲ್ಲರೂ ಡಿಜೆ ಕಡೆ ಮುಖ ಮಾಡಿ ತಮ್ಮ ಪಾಡಿಗೆ ಕುಣೀತಾರೆ. ನನಗೆ ಇದು ಮೊದಲು ಬೇಸರ ಅನ್ನಿಸಿತು. ನಮ್ಮಲ್ಲಿ ಕುಣಿತ ಅಂದರೆ ಒಬ್ಬ ನಡುವೆ, ಉಳಿದವರು ಸುತ್ತ, ಶಿಳ್ಳೆ. ಇಲ್ಲಿ ಬಸ್ಸಿನಲ್ಲಿ ನಿಂತ ಹಾಗೆ ನಿಂತು ಕುಣಿಯಬೇಕು. ಮೂರನೇ ಗಂಟೆಗೆ ಅರ್ಥ ಆಯಿತು, ನೋಡುವವರು ಇಲ್ಲದಿದ್ದರೆ ಕಾಲು ತನ್ನಷ್ಟಕ್ಕೆ ಬೇರೆ ಏನೋ ಮಾಡುತ್ತೆ. ಆದರೆ ಹೇಳಿರ್ತೀನಿ, ಹಾಡಿಗೆ ಮಾತು ಇರಲ್ಲ. ನಾಲ್ಕು ಗಂಟೆ ಬರೀ ಧಡ್ ಧಡ್. ಹಿಂದಿ ಹಾಡು ಹಾಕಿ ಅಂತ ಡಿಜೆ ಹತ್ತಿರ ಹೋಗಿ ಕೇಳಬೇಡ, ಮರ್ಯಾದೆ ಹೋಗುತ್ತೆ.

ನಿನ್ನ ಜೊತೆ ಅತ್ತಿಗೆ, ಚಿಕ್ಕಮ್ಮ ಎಲ್ಲ ಇದ್ದರೆ ಕಾವೋ ದ ಲಾ ಯೂಷೆತ್‌ಗೆ ಕರ್ಕೊಂಡು ಹೋಗು. ತಮಾಷೆ ಮಾಡ್ತಿಲ್ಲ. ನೋತ್ರ್ ದಾಮ್ ಚರ್ಚಿನ ಎದುರು ದಡದಲ್ಲಿ ಒಂದು ಸಣ್ಣ ಓಣಿ, ಎರಡೂ ಕಡೆ ಗ್ರೀಕ್ ಹೋಟೆಲಿನವರು ಕೈ ಹಿಡಿದು ಎಳೆಯೋ ಥರದ್ದು. ಅಲ್ಲಿ 1946ರಿಂದ ನಡೀತಿರೋ ಜ್ಯಾಜ್ ಕ್ಲಬ್ ಇದು. ಹದಿನೈದು ಯೂರೋ ಆಸುಪಾಸು ಟಿಕೆಟ್. ಸುರುಳಿ ಸುತ್ತೋ ಕಲ್ಲಿನ ಮೆಟ್ಟಿಲು ಇಳಿದರೆ ಕಮಾನು ಚಾವಣಿಯ ನೆಲಮಾಳಿಗೆ, ಮುಂದೆ ಬ್ಯಾಂಡ್, ನಡುವೆ ಕುಣಿಯೋ ಜಾಗ, ಸುತ್ತ ಬೆಂಚು. ಬೆಂಚಲ್ಲಿ ಕೂತವರು ಪ್ರವಾಸಿಗಳು. ನಡುವೆ ಇರೋರು ವಾರ ವಾರ ಬರೋ ಊರಿನವರು.

ನಾನು ಹೋದ ರಾತ್ರಿ ಎಪ್ಪತ್ತು ದಾಟಿದ ಒಬ್ಬರು ಇದ್ದರು. ಕಪ್ಪು ಬಿಳುಪು ಎರಡು ಬಣ್ಣದ ಶೂ, ಹೆಗಲ ಮೇಲೆ ಚಿಕ್ಕ ಟವೆಲ್. ಒಂದು ಹಾಡು ಕುಣಿಯೋದು, ಜೊತೆಯಲ್ಲಿದ್ದವರಿಗೆ ತಲೆ ಬಾಗಿಸಿ ಧನ್ಯವಾದ ಹೇಳೋದು, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳೋದು, ಇನ್ನೊಬ್ಬರ ಮುಂದೆ ಹೋಗಿ ಕೈ ಚಾಚೋದು. ಮೈ ಹೆಚ್ಚು ಅಲ್ಲಾಡಿಸುತ್ತಲೇ ಇರಲಿಲ್ಲ. ಸೊಂಟದಿಂದ ಮೇಲೆ ಎಲ್ಲ ನಿಧಾನ, ಕಾಲು ಮಾತ್ರ ಬತ್ತ ಹುರಿದ ಹಾಗೆ ಸಿಡಿಯುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡ್ತಾ ಇದ್ದೆ. ಪಕ್ಕದಲ್ಲಿ ಕೂತಿದ್ದ, ನಮ್ಮಮ್ಮನ ವಯಸ್ಸಿನ ಹೆಂಗಸೊಬ್ಬರು ಎದ್ದು ನನಗೆ ಕೈ ಚಾಚಿದರು. ಬರಲ್ಲ ಅಂದೆ. ಭುಜ ಹಾರಿಸಿ, ಬಾ ಅಂದರು. ಆರು ಎಣಿಕೆಯ ಹೆಜ್ಜೆ. ನನ್ನ ಅಂಗೈ ಮೇಲೆ ಅವರ ಬೆರಳು ಎಣಿಸುತ್ತಿತ್ತು, ಎಡಕ್ಕೆ ಬಾ, ಬಲಕ್ಕೆ ಬಾ, ಈಗ ಹಿಂದೆ. ಎರಡು ಸಲ ಕಾಲು ತುಳಿದೆ. ಹಾಡು ಮುಗಿದಾಗ "ಕಿವಿ ಚೆನ್ನಾಗಿದೆ, ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಅನ್ನೋ ಅರ್ಥದ ಮಾತು ಹೇಳಿ ನಕ್ಕರು. ಆ ರಾತ್ರಿ ನಾನು ಕುಡಿದದ್ದು ಎರಡು ಗ್ಲಾಸ್ ನೀರು.

ದುಡ್ಡೇ ಖರ್ಚು ಮಾಡಬಾರದು ಅಂದರೆ ಅದಕ್ಕೂ ದಾರಿ ಇದೆ. ಬೇಸಿಗೆ ಸಂಜೆಗಳಲ್ಲಿ ಸೇನ್ ನದಿ ದಡದ ತೀನೋ ರೋಸಿ ತೋಟಕ್ಕೆ ಹೋಗಿ. ಮೆಟ್ಟಿಲು ಮೆಟ್ಟಿಲಾಗಿ ಅರ್ಧ ಬಟ್ಟಲಿನಂಥ ಜಾಗಗಳು ನೀರಿನ ಅಂಚಿಗೇ ಇವೆ. ಒಂದರಲ್ಲಿ ಟ್ಯಾಂಗೋ, ಪಕ್ಕದಲ್ಲಿ ಸಾಲ್ಸಾ, ಅದರಾಚೆ ಇನ್ನೇನೋ. ಯಾರೋ ಸ್ಪೀಕರ್ ತಂದಿರ್ತಾರೆ, ಯಾರೋ ಹೆಜ್ಜೆ ಹೇಳಿಕೊಡ್ತಾರೆ. ಪ್ರವಾಸಿ ದೋಣಿ ಹೋದಾಗ ಅದರ ದೊಡ್ಡ ದೀಪ ಕುಣಿಯೋರ ಮೇಲೆ ಬಿದ್ದು, ಅರೆಗಳಿಗೆ ಎಲ್ಲರ ನೆರಳು ಗೋಡೆ ಮೇಲೆ ಕುಣಿದು ಹೋಗುತ್ತೆ. ಬಾಸ್ಟಿಲ್ ಚೌಕದ ಹತ್ತಿರ ರ್ಯೂ ದ ಲಾಪ್ ಬೀ‌ದಿಯಲ್ಲಿ ಬಲಾಜೋ ಅಂತ 1936ರ ಡ್ಯಾನ್ಸ್ ಹಾಲ್ ಕೂಡ ಇದೆ, ಅಕಾರ್ಡಿಯನ್ ಕಾಲದ್ದು.

ವಾಪಸ್ ಬರೋದು ಹೇಗೆ ಅಂತ ಮೊದಲೇ ಯೋಚನೆ ಮಾಡಿರಬೇಕು. ಪ್ಯಾರಿಸ್ ಮೆಟ್ರೋ ವಾರದ ದಿನ ಒಂದು ಗಂಟೆ ಸುಮಾರಿಗೆ, ಶುಕ್ರವಾರ ಶನಿವಾರ ಎರಡು ಗಂಟೆ ಸುಮಾರಿಗೆ ನಿಲ್ಲುತ್ತೆ. ಮತ್ತೆ ಶುರುವಾಗೋದು ಐದೂವರೆಗೆ. ನಡುವೆ ನೋಕ್ಟಿಲಿಯಾಂ ಅನ್ನೋ ರಾತ್ರಿ ಬಸ್ಸು, ಊರ ನಡುವಿನ ಶಾತ್ಲೆ ಹತ್ತಿರ ಸುಮಾರು ಎಲ್ಲವೂ ಸಿಗುತ್ತೆ. ಒಳ್ಳೆ ಬಸ್ಸೇ, ಆದರೆ ನಿದ್ದೆ ಮಾಡಿದರೆ ಊರಾಚೆ ಎಲ್ಲೋ ಎದ್ದೇಳ್ತೀರ, ಮೊಬೈಲ್ ಜೇಬಲ್ಲಿ ಇರುತ್ತೋ ಇಲ್ಲವೋ. ಹೆಣ್ಣುಮಕ್ಕಳಿಗೆ ಒಂದು ಮಾತು. ಗ್ಲಾಸು ಬಿಟ್ಟು ಎಲ್ಲೂ ಹೋಗಬೇಡಿ. ಯಾರಾದರೂ ಕಾಟ ಕೊಟ್ಟರೆ ಬಾರಿನಲ್ಲಿ "ಅಂಜೆಲಾ ಇದ್ದಾರಾ" ಅಂತ ಕೇಳಿ, ತುಂಬ ಕಡೆ ಇದು ಸಹಾಯ ಬೇಕು ಅನ್ನೋ ಗುಟ್ಟಿನ ಮಾತು. ನಾಲ್ಕು ಗಂಟೆಗೆ ಹಸಿವಾದರೆ ಕಬಾಬ್ ಅಂಗಡಿ. "ಸಲಾದ್ ತೊಮಾತ್ ಓನ್ಯೋಂ?" ಅಂತ ಒಂದೇ ಉಸಿರಿನಲ್ಲಿ ಮಂತ್ರದ ಥರ ಕೇಳ್ತಾನೆ. ಸೊಪ್ಪು, ಟೊಮೆಟೊ, ಈರುಳ್ಳಿ ಹಾಕ್ಲಾ ಅಂತ. ಮಾಂಸ ತಿನ್ನದವರು ಬ್ರೆಡ್ಡಿನೊಳಗೆ ಆಲೂಗಡ್ಡೆ ಫ್ರೈಸ್ ತುಂಬಿಸಿಕೊಳ್ಳಿ, ಬಿಳಿ ಸಾಸ್ ಹಾಕಿಸಿಕೊಳ್ಳಿ, ಆ ಹೊತ್ತಿಗೆ ಅಮೃತ.

ಇನ್ನು ನನ್ನ ರಾತ್ರಿ. ಜುಲೈ 13. ಮರುದಿನ ಅವರ ರಾಷ್ಟ್ರೀಯ ಹಬ್ಬ. ಆ ಎರಡು ರಾತ್ರಿ ಅಗ್ನಿಶಾಮಕ ಠಾಣೆಗಳ ಅಂಗಳದಲ್ಲಿ ಡ್ಯಾನ್ಸು, ಬಾಲ್ ದೆ ಪೋಂಪಿಯೆ ಅಂತಾರೆ. ಪ್ಯಾರಿಸ್‌ನ ಫೈರ್ ಬ್ರಿಗೇಡ್ ಸೈನ್ಯಕ್ಕೆ ಸೇರಿದ್ದು, 1811ರಲ್ಲಿ ನೆಪೋಲಿಯನ್ ಮಾಡಿದ್ದು. 1937ರ ಹಬ್ಬದ ದಿನ ಪೆರೇಡ್ ಮುಗಿಸಿ ವಾಪಸ್ ಬರುತ್ತಿದ್ದ ಮೋಂಮಾರ್ತ್ರ್ ಠಾಣೆಯವರ ಹಿಂದೆ ಜನವೂ ಬಂದುಬಿಟ್ಟರಂತೆ, ಠಾಣೆಯವರು ಬಾಗಿಲು ತೆಗೆದು ಒಳಗೆ ಕರೆದರಂತೆ. ಅಲ್ಲಿಂದ ಶುರು. ಗೇಟಿನಲ್ಲಿ ಒಂದು ಮರದ ಪೀಪಾಯಿ, ನಿಮಗೆ ಎಷ್ಟು ಅನ್ನಿಸುತ್ತೋ ಅಷ್ಟು ಹಾಕಿ. ಐದು ಯೂರೋ ಹಾಕಿದೆ. ಯಾರೂ ಶೂ ನೋಡಲಿಲ್ಲ. ಅಂಗಳದ ತುಂಬ ಮೂರು ಬಣ್ಣದ ತೋರಣ, ಒಂದು ಮೂಲೆಯಲ್ಲಿ ಕೆಂಪು ಲಾರಿ, ಸಮವಸ್ತ್ರ ಹಾಕಿದ ಹುಡುಗರು ಬಿಯರ್ ಬಗ್ಗಿಸುತ್ತಿದ್ದರು. ಅಜ್ಜಿಯರು, ಅಪ್ಪನ ಹೆಗಲ ಮೇಲೆ ಮಕ್ಕಳು, ಪಕ್ಕದ ಬೇಕರಿಯವನು. ಡಿಜೆ ಹಾಕಿದ್ದೆಲ್ಲ ಎಂಬತ್ತರ ದಶಕದ ಫ್ರೆಂಚ್ ಹಾಡು, ಎಲ್ಲರಿಗೂ ಬಾಯಿಪಾಠ.

ಮಧ್ಯದಲ್ಲಿ ಒಂದು ಹಾಡಿಗೆ ಬರೀ ಡೊಳ್ಳಿನಂಥ ಬಡಿತ ಬಂತು. ಕಾಲಿಗೆ ಸುದ್ದಿ ಮುಟ್ಟಿತು. ಊರಲ್ಲಿ ತಮಟೆಗೆ ಹಾಕೋ ಸ್ಟೆಪ್ಪು, ಮೊಣಕಾಲು ಬಗ್ಗಿಸಿ, ಕರ್ಚೀಫು ಹಲ್ಲಲ್ಲಿ ಕಚ್ಚಿಕೊಂಡು. ಹಾಕಿಬಿಟ್ಟೆ. ಸುತ್ತ ಜಾಗ ಬಿಟ್ಟರು. ಶಿಳ್ಳೆ ಬಿತ್ತು! ಧಾರವಾಡದವನು ಇನ್ನೊಂದು ಕಡೆಯಿಂದ ನುಗ್ಗಿದ. ಒಬ್ಬ ಫೈರ್‌ಮನ್ ಬಾರ್ ಬಿಟ್ಟು ಬಂದು ನನ್ನ ಎದುರು ನಿಂತು ಅದನ್ನೇ ಮಾಡೋಕೆ ನೋಡಿದ, ಕರ್ಚೀಫ್ ಇರಲಿಲ್ಲ, ಬಾರ್ ಒರೆಸೋ ಬಟ್ಟೆ ಕಚ್ಚಿಕೊಂಡ. ಆಮೇಲೆ ಏದುಸಿರು ಬಿಡುತ್ತಾ ಯಾವ ದೇಶದ ಡ್ಯಾನ್ಸ್ ಇದು ಅಂದ. ಮಂಡ್ಯ ಅಂದೆ. "ಮೋಂದ್ಯಾ," ಅಂತ ಗಂಭೀರವಾಗಿ ತಲೆ ಅಲ್ಲಾಡಿಸಿದ.

ನಾಲ್ಕಕ್ಕೆ ಹಾಡು ನಿಲ್ಲಿಸಿದರು. ಮೆಟ್ರೋ ಮೆಟ್ಟಿಲ ಮೇಲೆ ಇನ್ನೂ ಇಪ್ಪತ್ತು ಜನರ ಜೊತೆ ಕೂತು ಶಟರ್ ಎತ್ತೋದನ್ನೇ ಕಾಯುತ್ತಿದ್ದೆವು. ಐದೂವರೆ, ಊರಲ್ಲಿ ಒಂಬತ್ತು. ಅಮ್ಮನ ಫೋನ್ ಬಂತು.

"ಎದ್ದಿದೀಯಾ ಮಗ? ಅಲ್ಲಿ ಇನ್ನೂ ಐದೂವರೆ ಅಲ್ವಾ?"

"ಹೂಂ ಕಣಮ್ಮ, ಎದ್ದಿದೀನಿ."

"ಊರಲ್ಲಿದ್ದಾಗ ಎಂಟಕ್ಕೂ ಏಳ್ತಿರಲಿಲ್ಲ. ಪರವಾಗಿಲ್ಲ, ಆ ದೇಶ ಒಳ್ಳೆ ಅಭ್ಯಾಸ ಕಲಿಸಿದೆ. ಸ್ನಾನ ಆಯ್ತಾ?"

ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ಆಯ್ತು ಅಂದೆ.